ಮಾಲೀಕರ ಪಾಠ, ನಮ್ಮ ಪರೀಕ್ಷೆ
(ಹೇಮಗಿರಿಯ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಹೇಮಾವತಿಯ ದಡದಲ್ಲಿ ನಿಂತು ಮಾಲೀಕರ ವಿದ್ಯೆಯನ್ನು ಹೊಗಳಲು ಬಂದಿರಾ ಎಂದು ನೀವು ಕೇಳಬಹುದು. ಹೊಗಳಲು ಬಂದಿಲ್ಲ. ಎದುರಾಳಿ ಕಲಿತದ್ದನ್ನು ನಾವೂ ಕಲಿಯಬೇಕು ಎಂದು ಹೇಳಲು ಬಂದಿದ್ದೇವೆ.

ಕಾರ್ಖಾನೆಗೆ ಹೊಸ ಪದ್ಧತಿ ತರುವುದು ಹೇಗೆಂಬುದನ್ನು ಮಾಲೀಕರು ನೂರು ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. 1911ರಲ್ಲಿ ಅಮೆರಿಕದ ಟೇಲರ್ ಎಂಬಾತ, ಗಡಿಯಾರ ಹಿಡಿದು ಕೂಲಿಯವನ ಕೈ ಅಳೆಯುವ ಶಾಸ್ತ್ರವನ್ನು ಪುಸ್ತಕ ಮಾಡಿದ. ಯೋಚನೆ ಮೇಲಿನವರದು, ದುಡಿಮೆ ಕೆಳಗಿನವರದು, ಇದೇ ಅದರ ತಿರುಳು. 1918ರಲ್ಲಿ ಲೆನಿನ್ ಸಹ ಅದರಲ್ಲಿ ಉಪಯೋಗವಾದುದನ್ನು ತೆಗೆದುಕೊಳ್ಳಬೇಕೆಂದರು. ಆದ್ದರಿಂದ ಎರವಲು ಹೊಸದಲ್ಲ. ಏನನ್ನು ಎರವಲು ತರುತ್ತೇವೆ ಎಂಬುದೇ ಪ್ರಶ್ನೆ.

ಟೇಲರನ ಶಾಸ್ತ್ರ ಸಾಲದೆಂದು ಮಾಲೀಕರಿಗೇ ತಿಳಿಯಿತು. ಅಮೆರಿಕದ ಒಂದು ಪೈಜಾಮ ಕಾರ್ಖಾನೆಯಲ್ಲಿ ನಡೆದ ಪರೀಕ್ಷೆಯ ಫಲ 1948ರಲ್ಲಿ ಅಚ್ಚಾಯಿತು. ಒಂದು ಗುಂಪಿಗೆ ಹೊಸ ಪದ್ಧತಿಯನ್ನು ಹುಕುಮಿನಂತೆ ಹೇಳಿದರು. 40 ದಿನಗಳಲ್ಲಿ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಉಳಿದವರ ಕೆಲಸವೂ ಮೇಲೇಳಲಿಲ್ಲ. ಮತ್ತೊಂದು ಕಡೆ ಎಲ್ಲರನ್ನೂ ಕೂರಿಸಿಕೊಂಡು ಪದ್ಧತಿಯನ್ನು ರೂಪಿಸಿದರು. ಅಲ್ಲಿ ಯಾರೂ ಬಿಟ್ಟು ಹೋಗಲಿಲ್ಲ; ಕೆಲಸ ಮೊದಲಿಗಿಂತ ಹೆಚ್ಚಿತು.

ಈಗ ನಮ್ಮ ಮುಖ ನೋಡಿಕೊಳ್ಳೋಣ. ನಾವು ಮೇಷ್ಟ್ರ ಕೆಲಸ ಬಿಟ್ಟು ಬಂದವರು. ಬೆತ್ತ ಬಿಟ್ಟರೂ ಬುದ್ಧಿ ಬಿಡಲಿಲ್ಲ. ಒಂದು ಅಕ್ಕಿ ಗಿರಣಿಯಲ್ಲಿ ಬೇಡಿಕೆಗಳ ಪಟ್ಟಿಯನ್ನು ನಾವೇ ಬರೆದು, ನಾವೇ ಓದಿ, ಕೈ ಎತ್ತಿ ಎಂದೆವು. ಎಲ್ಲರೂ ಎತ್ತಿದರು. ಮುಷ್ಕರದ ದಿನ ಗೇಟಿನಲ್ಲಿ ನಿಂತವರು ನಾಲ್ವರು. ಅವರಲ್ಲಿ ಇಬ್ಬರು ಕೆಲಸ ಕಳೆದುಕೊಂಡರು. ಆ ಋಣ ಇಂದಿಗೂ ನಮ್ಮ ತಲೆಯ ಮೇಲಿದೆ. ಅನಂತರ ಒಬ್ಬ ಹಮಾಲಿ ಹೇಳಿದ: "ಪಟ್ಟಿ ಚೆನ್ನಾಗಿತ್ತು ಮೇಷ್ಟ್ರೇ. ಮೂಟೆಯ ತೂಕ ಇಳಿಸಬೇಕೆಂಬುದು ಮಾತ್ರ ಅದರಲ್ಲಿರಲಿಲ್ಲ." ನಾವು ಕೇಳಿರಲೇ ಇಲ್ಲ!

ಇದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಯೂ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಸಮಾಜವಾದದ ವ್ಯಾಖ್ಯಾನ ಕೇಳಿ ಅಲ್ಲ; ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದೆಂಬ ಸಂಕಟದಿಂದ. ಗಣಪತಿಯಪ್ಪನವರು ಆ ರೈತರ ಸಂಘ ಕಟ್ಟಿದರು. ಗೋಪಾಲಗೌಡರು, ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದಿಂದ ಹೊರಟ ಮಾತು 1974ರ ಭೂಸುಧಾರಣೆಯವರೆಗೆ ನಡೆಯಿತು.

ಆದರೆ ಒಂದು ಎಚ್ಚರಿಕೆ. ಮಾಲೀಕ ನಿಮ್ಮನ್ನು "ಹೇಗೆ" ಎಂದು ಕೇಳುತ್ತಾನೆ. "ಯಾರಿಗಾಗಿ" ಎಂದು ಕೇಳಲು ಬಿಡುವುದಿಲ್ಲ. ಆ ಪೈಜಾಮ ಕಾರ್ಖಾನೆಯಲ್ಲೂ ಬದಲಾವಣೆ ಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ನಮ್ಮ ಸಂಘದಲ್ಲಿ ಎರಡು ಪ್ರಶ್ನೆಯೂ ದುಡಿಯುವವನದಾಗಬೇಕು. ಇಲ್ಲವಾದರೆ ಬಾವುಟದ ಬಣ್ಣ ಬೇರೆ, ಹುಕುಮು ಒಂದೇ.

ವ್ಯಾಪಾರಿ ಮಿತ್ರರೇ, ಇದು ನಿಮಗೂ ಸೇರಿದ ಮಾತು. ಗಿರಣಿ ನಿಂತರೆ ನಿಮ್ಮ ತಕ್ಕಡಿಯೂ ನಿಲ್ಲುತ್ತದೆ. ಸಾಲದ ಪುಸ್ತಕ ನೋಡುವ ನಿಮಗೆ ಯಾರ ಮನೆಯಲ್ಲಿ ಏನು ಕಷ್ಟವೆಂದು ನಮಗಿಂತ ಮೊದಲು ತಿಳಿದಿರುತ್ತದೆ. ಸಭೆಗೆ ಬಂದು ಹೇಳಿ.

ಮುಂದಿನ ಸಭೆಗೆ ನಾವು ಪಟ್ಟಿ ತರುವುದಿಲ್ಲ. ಬರಿಯ ಕಾಗದ ತರುತ್ತೇವೆ. ನೀವು ಹೇಳಿ, ನಾವು ಬರೆಯುತ್ತೇವೆ. ಮೊದಲ ಸಾಲು ಮೂಟೆಯ ತೂಕದ್ದಾದರೂ ಸರಿ.