ಕೊಡೋದಕ್ಕೆ ಮುಂಚೆ ಕೇಳಿ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಉಡುಗೊರೆ. ಶಾಲೆ ಮಕ್ಕಳು ಕಷ್ಟದಲ್ಲಿರೋರಿಗೆ ಅಂತ ಕೊಡೋ ಉಡುಗೊರೆ.

ಸರ್ವಜ್ಞನಗರದ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ. ಲಿಂಗರಾಜಪುರ, ಕಮ್ಮನಹಳ್ಳಿ, ಕುಕ್ ಟೌನ್, ಬಾಣಸವಾಡಿ, ಈ ಭಾಗದಲ್ಲಿ ಚರ್ಚುಗಳೂ ಜಾಸ್ತಿ, ಕಾನ್ವೆಂಟ್ ಸ್ಕೂಲುಗಳೂ ಜಾಸ್ತಿ. ಇಂಥ ಶಾಲೆಗಳಲ್ಲಿ ತಪಸ್ಸುಕಾಲ ಬಂದರೆ ಮಕ್ಕಳು ಡಬ್ಬಿಗೆ ಚಿಲ್ಲರೆ ಹಾಕ್ತಾರೆ. ಕ್ರಿಸ್‌ಮಸ್ ಹತ್ತಿರ ಬಂದರೆ ಮನೆಯಿಂದ ಅಕ್ಕಿ, ಬೇಳೆ, ಸೋಪು, ಹಳೇ ಬಟ್ಟೆ ತರ್ತಾರೆ. ಟೀಚರ್ ಜೊತೆ ವೃದ್ಧಾಶ್ರಮಕ್ಕೆ ಹೋಗಿ, ಕ್ಯಾರಲ್ ಹಾಡಿ, ಕೇಕ್ ಕೊಟ್ಟು, ಫೋಟೋ ತೆಗೆಸ್ಕೊಂಡು ವಾಪಸ್ ಬರ್ತಾರೆ.

ಒಳ್ಳೇ ಕೆಲಸಾನೇ. ಅದನ್ನ ಆಡಿಕೊಳ್ಳೋಕೆ ನಾನು ಇವತ್ತು ಮೈಕ್ ಮುಂದೆ ಕೂತಿಲ್ಲ. ಆದರೆ ಒಂದು ಪ್ರಶ್ನೆ ಇದೆ. ಆ ಅಜ್ಜಿಗೆ ಕೇಕ್ ಬೇಕಿತ್ತಾ? ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ? ಆ ಡಿಸೆಂಬರಲ್ಲಿ ಅವರ ಕೈಗೆ ಬಂದ ನಾಲ್ಕನೇ ಕಂಬಳಿ ಇದಾಗಿದ್ದರೆ? ಮಕ್ಕಳಿಗೆ ನಾವು ಕೊಡೋದನ್ನ ಚೆನ್ನಾಗಿ ಕಲಿಸ್ತೀವಿ. ಕೇಳೋದನ್ನ ಅಷ್ಟಾಗಿ ಕಲಿಸಲ್ಲ.

ಶುಭಸಂದೇಶದಲ್ಲಿ ಇದಕ್ಕೆ ಸರಿಯಾದ ಒಂದು ಪಾಠ ಇದೆ. ಬಾರ್ತಿಮಾಯ ಅನ್ನೋ ಕುರುಡ ದಾರಿ ಪಕ್ಕ ಕೂತು ಭಿಕ್ಷೆ ಬೇಡ್ತಿರ್ತಾನೆ. ಯೇಸುಸ್ವಾಮಿ ಅವನನ್ನ ಹತ್ತಿರ ಕರೆಸ್ತಾರೆ. ಅವನಿಗೆ ಕಣ್ಣು ಕಾಣಲ್ಲ ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಯೇಸು ಮೊದಲು ಕೇಳೋದು, ನಿನಗೆ ನನ್ನಿಂದ ಏನಾಗಬೇಕು ಅಂತ. ಅವನ ಬಾಯಿಂದಲೇ ಉತ್ತರ ಬರಲಿ ಅಂತ ಕಾಯ್ತಾರೆ. ಧರ್ಮೋಪದೇಶದ ತರಗತೀಲಿ ಈ ಕಥೆಯನ್ನ ಪವಾಡ ಅಂತ ಹೇಳ್ತೀವಿ. ಪವಾಡಕ್ಕೆ ಮುಂಚಿನ ಆ ಪ್ರಶ್ನೆ ಮೇಲೂ ಒಂದು ಪೀರಿಯಡ್ ಪಾಠ ಮಾಡಬಹುದಲ್ವಾ?

ಡಿಸೈನ್ ಅಂದರೆ ಶುರುವಾಗೋದು ಇಲ್ಲಿಂದಾನೇ. ಜೈಪುರ ಕಾಲನ್ನೇ ತಗೊಳ್ಳಿ. ಕಾಲು ಕಳ್ಕೊಂಡೋರಿಗೆ ವಿದೇಶಿ ಮಾದರಿಯ ಕೃತಕ ಕಾಲು ಆಗಲೇ ಇತ್ತು. ಆದರೆ ಅದಕ್ಕೆ ಶೂ ಹಾಕಲೇಬೇಕು, ಕುಕ್ಕರುಗಾಲಲ್ಲಿ ಕೂರೋಕಾಗಲ್ಲ. ನಮ್ಮ ರೈತ ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಡೀಬೇಕು, ನೆಲದ ಮೇಲೆ ಕೂತು ಊಟ ಮಾಡಬೇಕು. 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾಕ್ಟರ್ ಪಿ.ಕೆ. ಸೇಥಿ ಜೊತೆ ಸೇರಿ ರಬ್ಬರ್ ಬಳಸಿ ಮಾಡಿದ ಕಾಲು ಈ ಜೀವನಕ್ಕೆ ಹೊಂದಿಕೊಳ್ತು. ಬಳಸೋರು ದಿನಾ ಹೇಗೆ ಬದುಕ್ತಾರೆ ಅಂತ ನೋಡಿದ್ದಕ್ಕೆ ಅದು ಸಾಧ್ಯ ಆಯ್ತು.

ಇದನ್ನ ಮಕ್ಕಳಿಗೆ ಹೇಳಿಕೊಡೋಕೆ ನಮ್ಮ ದೇಶದಲ್ಲೇ ಹುಟ್ಟಿದ ಒಂದು ದಾರಿ ಇದೆ. ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಕಿರಣ್ ಬೀರ್ ಸೇಥಿ 2009ರಲ್ಲಿ ಶುರು ಮಾಡಿದ ‘ಡಿಸೈನ್ ಫಾರ್ ಚೇಂಜ್’. ಇದರಲ್ಲಿ ನಾಲ್ಕೇ ಹೆಜ್ಜೆ. ಮನಸ್ಸಿಗೆ ತಟ್ಟಿಸ್ಕೋ, ಕಲ್ಪಿಸ್ಕೋ, ಮಾಡು, ಹಂಚು. ಕಥೋಲಿಕ ಶಾಲೆಗಳ ಅಂತರರಾಷ್ಟ್ರೀಯ ಸಂಸ್ಥೆ ಇದರ ಜೊತೆ ಕೈ ಜೋಡಿಸಿ, 2019ರ ನವೆಂಬರಲ್ಲಿ ರೋಮ್‌ನಲ್ಲಿ ದೊಡ್ಡ ಮಕ್ಕಳ ಸಮ್ಮೇಳನಾನೇ ನಡೀತು. ಪೋಪ್ ಫ್ರಾನ್ಸಿಸ್ ಆ ಮಕ್ಕಳನ್ನ ಭೇಟಿ ಮಾಡಿದರು.

ಸರಿ, ನಮ್ಮ ಏರಿಯಾದ ಒಂದು ಎಂಟನೇ ಕ್ಲಾಸಲ್ಲಿ ಇದು ಹೇಗೆ ನಡೀಬಹುದು? ಒಂದು ಅಜ್ಜಿ ಇದ್ದಾರೆ ಅಂದ್ಕೊಳ್ಳಿ. ಮಕ್ಕಳು ಅವರ ಜೊತೆ ಒಂದು ಗಂಟೆ ಕೂತು ಮಾತಾಡ್ತಾರೆ. ಬೆಳಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ ಅಂತ ಕೇಳ್ತಾರೆ. ಆಗ ಗೊತ್ತಾಗುತ್ತೆ, ಅಜ್ಜಿಗೆ ಓದೋಕೆ ಬರಲ್ಲ, ಬೆಳಗಿನ ಮಾತ್ರೆ ಯಾವುದು, ರಾತ್ರಿದು ಯಾವುದು ಅಂತ ಗೊಂದಲ. ಮಕ್ಕಳು ಹಳೇ ಬಟ್ಟೇಲಿ ಎರಡು ಚೀಲ ಹೊಲೀತಾರೆ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಯಾವ ಮಾತ್ರೆ ಯಾವುದಕ್ಕೆ ಹೋಗಬೇಕು ಅನ್ನೋದನ್ನ ನರ್ಸ್ ಹತ್ರ ಕೇಳಿಯೇ ಹಾಕಿಸ್ತಾರೆ. ಒಂದು ವಾರ ಬಿಟ್ಟು ಮತ್ತೆ ಹೋಗ್ತಾರೆ. ಅಜ್ಜಿ ಹೇಳ್ತಾರೆ, “ಮಗಾ, ದಾರ ಬಿಗಿಯಾಗಿದೆ, ನನ್ನ ಬೆರಳಿಗೆ ಬಿಚ್ಚೋಕಾಗಲ್ಲ.” ದಾರ ತೆಗೆದು ವೆಲ್ಕ್ರೋ ಹಾಕ್ತಾರೆ. ನನ್ನ ಪ್ರಕಾರ ನಿಜವಾದ ಪಾಠ ಆಗೋದು ಆ ಎರಡನೇ ಭೇಟೀಲಿ. ಕೇಕಿಗೆ ಎರಡನೇ ಭೇಟಿ ಇರಲ್ಲ.

ಈಗ ಸ್ವಲ್ಪ ಕಷ್ಟದ ಉದಾಹರಣೆ. ಅದೇ ಮಕ್ಕಳು ಶಾಲೆ ಮುಂದಿನ ರಸ್ತೆ ಗುಡಿಸೋ ಪೌರಕಾರ್ಮಿಕ ಅಕ್ಕನ್ನ ಮಾತಾಡಿಸ್ತಾರೆ. ಕೈಗವಸು ಕೊಡೋಣ, ಬಣ್ಣದ ಪೊರಕೆ ಮಾಡೋಣ ಅಂತ ಐಡಿಯಾ ಇಟ್ಕೊಂಡೇ ಹೋಗಿರ್ತಾರೆ. ಅಕ್ಕ ಹೇಳ್ತಾರೆ, “ಬೆಳ್ಳಂಬೆಳಗ್ಗೆ ಬರ್ತೀವಿ ಪುಟ್ಟಾ, ಬಾತ್‌ರೂಮಿಗೆ ಹೋಗೋಕೆ ಜಾಗ ಇಲ್ಲ. ಅದಕ್ಕೇ ನೀರೇ ಕುಡಿಯಲ್ಲ.” ಈ ಊರಲ್ಲಿ ಪೌರಕಾರ್ಮಿಕ ಮಹಿಳೆಯರು ಎಷ್ಟೋ ವರ್ಷದಿಂದ ಹೇಳ್ತಿರೋ ಮಾತು ಇದು. ಈಗ ಉಡುಗೊರೆ ಏನು? ಕ್ರಾಫ್ಟ್ ಪೇಪರಲ್ಲಿ ಅದನ್ನ ಮಾಡೋಕಾಗಲ್ಲ. ಶಾಲೆ ತನ್ನ ಗೇಟನ್ನ ಬೆಳಗ್ಗೆ ಬೇಗ ತೆಗೀಬೇಕು, ಒಂದು ಶೌಚಾಲಯ, ಒಂದು ನಲ್ಲಿ ಅವರಿಗೂ ಸಿಗಬೇಕು. ಮಕ್ಕಳು ಪ್ರಿನ್ಸಿಪಾಲ್ ಸಿಸ್ಟರ್ ಹತ್ರ ಹೋಗಿ ಕೇಳಬೇಕಾಗುತ್ತೆ. ಅಲ್ಲಿ ದೊಡ್ಡವರ ಪರೀಕ್ಷೆ ಶುರು. ಮಕ್ಕಳಿಗೆ ಕೇಳಿಸ್ಕೊಳ್ಳೋದನ್ನ ಕಲಿಸಿದ ಮೇಲೆ, ಅವರು ಕೇಳಿಸ್ಕೊಂಡು ಬಂದಿದ್ದಕ್ಕೆ ಉತ್ತರ ಕೊಡೋ ಧೈರ್ಯ ಶಾಲೆಗೂ ಇರಬೇಕು.

ಇನ್ನೊಂದು ಎಚ್ಚರಿಕೆ. ಕೆಲವು ವಿಷಯ ಉಡುಗೊರೆ ಆಗಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಕಟ್ಟಡಕ್ಕೆ ವ್ಹೀಲ್‌ಚೇರ್ ಹೋಗೋ ಹಾಗಿರೋದು ಹಕ್ಕು. ರ್‍ಯಾಂಪ್ ಕಟ್ಟಿ “ನಾವು ಕೊಟ್ವಿ” ಅಂತ ಬೋರ್ಡ್ ಹಾಕಿದರೆ ಮಕ್ಕಳು ತಪ್ಪು ಪಾಠ ಕಲೀತಾರೆ. ಲಿಂಗರಾಜಪುರದಲ್ಲಿರೋ ಎಪಿಡಿ ಸಂಸ್ಥೆ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಇದನ್ನ ಚೆನ್ನಾಗಿ ತೋರಿಸುತ್ತೆ. 1959ರಲ್ಲಿ ಅದನ್ನ ಶುರು ಮಾಡಿದ ಎನ್.ಎಸ್. ಹೇಮಾ ಅವರಿಗೆ ಸ್ವತಃ ಅಂಗವೈಕಲ್ಯ ಇತ್ತು. ಯಾರಿಗೆ ಏನು ಬೇಕು ಅನ್ನೋದನ್ನ ಹೊರಗಿನವರು ಬಂದು ತೀರ್ಮಾನ ಮಾಡಲಿಲ್ಲ. ಅಲ್ಲಿನ ಶ್ರದ್ಧಾಂಜಲಿ ಶಾಲೇಲಿ ಅಂಗವೈಕಲ್ಯ ಇರೋ ಮಕ್ಕಳು, ಇಲ್ಲದ ಮಕ್ಕಳು ಒಟ್ಟಿಗೇ ಓದ್ತಾರೆ. ಹಾಗೆ ಪಕ್ಕಪಕ್ಕ ಕೂತು ಬೆಳೆದ ಮಗುವಿಗೆ ‘ಪಾಪ’ ಅನ್ನೋ ಪದ ಅಷ್ಟು ಸುಲಭವಾಗಿ ಬಾಯಿಗೆ ಬರಲ್ಲ.

ಇಷ್ಟಕ್ಕೂ ಕಷ್ಟದಲ್ಲಿರೋರು ಅಂದರೆ ಗೇಟಿನ ಆಚೆಗೇ ಇರ್ತಾರೆ ಅಂತೇನಿಲ್ಲ. ಅಕ್ಕಿ ತನ್ನಿ ಅಂತ ಟೀಚರ್ ಹೇಳಿದ ದಿನ, ಮನೇಲಿ ಅಕ್ಕಿ ಕಮ್ಮಿ ಇರೋ ಮಗು ಅದೇ ಬೆಂಚಲ್ಲಿ ಕೂತಿರಬಹುದು. ಹಾಗಾಗಿ ಯಾರು ಎಷ್ಟು ತಂದರು ಅಂತ ಓದಿ ಹೇಳೋದು ಬೇಡ. ಫೋಟೋ ಬೇಕಿದ್ದರೆ ಮೊದಲು ಅವರ ಒಪ್ಪಿಗೆ ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ.

ಈ ಕ್ಷೇತ್ರಕ್ಕೆ ಹೆಸರು ಬಂದಿರೋದು ಊರೂರು ಅಲೆದ ತ್ರಿಪದಿ ಕವಿಯಿಂದ. ಅವನು ಜನರ ಮಧ್ಯೆ ಓಡಾಡಿ ಕಲಿತವನು. ನಮ್ಮ ಮಕ್ಕಳೂ ಹಾಗೇ ಕಲೀಲಿ.

ನಿಮಗೊಂದು ಕೆಲಸ. ನೀವು ಓದಿದ ಶಾಲೆ ಟೀಚರ್ ನಂಬರ್ ಇದ್ದರೆ ಈ ಎಪಿಸೋಡ್ ಕಳಿಸಿ. ಈ ವಾರ ಯಾರಿಗಾದರೂ ಏನಾದರೂ ಕೊಡಬೇಕು ಅನ್ನಿಸಿದರೆ, ಅಂಗಡಿಗೆ ಹೋಗೋಕೆ ಮುಂಚೆ ಅವರ ಹತ್ರ ಹತ್ತು ನಿಮಿಷ ಕೂತು ಮಾತಾಡಿ. ಮತ್ತೆ ಸಿಗೋಣ.