ಎಪ್ಪತ್ತರವರಿಗೂ ಒಂದು ಪಂದ್ಯ



ವಿಶಾಖಪಟ್ಟಣದ ನೌಕಾಪಡೆ ಮ್ಯಾರಥಾನ್ ನಡೆಯುವುದು ಬೀಚ್ ರಸ್ತೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕೈಲಾಸಗಿರಿ, ಋಷಿಕೊಂಡದತ್ತ ಏರಿಳಿತ. ಕಡಲ ಸೆಕೆಗೆ ಮೈಬೆವರು ಆರುವುದೇ ಇಲ್ಲ. ಇಂಥ ಹಾದಿಯಲ್ಲಿ ಅರವತ್ತೈದು ದಾಟಿದವರೊಬ್ಬರು ತಮ್ಮ ಓರಗೆಯವರನ್ನು ಹಿಂದೆ ಹಾಕಲು ಹಲ್ಲು ಕಚ್ಚಿ ಓಡುವುದನ್ನು ನೋಡಬೇಕು. ಅದು ಕಾಲಹರಣವಲ್ಲ, ಅಪ್ಪಟ ಪೈಪೋಟಿ.

ಮೂವತ್ತು ದಾಟಿದ ಮೇಲೆ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಬಿಡದೆ ಅಭ್ಯಾಸ ಮಾಡುವವರಲ್ಲಿ ಇಳಿತ ಕಡಿಮೆ, ಆದರೆ ನಿಲ್ಲುವುದಿಲ್ಲ. ಅದಕ್ಕೇ ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮುಂದಕ್ಕೆ ಐದೈದು ವರ್ಷಕ್ಕೊಂದು ವಿಭಾಗ. ಕೆನಡಾದ ಎಡ್ ವಿಟ್‌ಲಾಕ್ 2004ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, 2 ಗಂಟೆ 54 ನಿಮಿಷ 48 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದರು. ಎಂಥ ಓಟ! ಒಟ್ಟು ಪಟ್ಟಿಯ ಮೊದಲ ಮೂರು ಹೆಸರನ್ನಷ್ಟೇ ಓದುವವರಿಗೆ ಅದು ಕಾಣಿಸುವುದೇ ಇಲ್ಲ.

ನಮ್ಮ ಅನೇಕ ಓಟಗಳಲ್ಲಿ ನಲವತ್ತೈದೋ ಐವತ್ತೋ ದಾಟಿದವರೆಲ್ಲ ‘ವೆಟರನ್’ ಎಂಬ ಒಂದೇ ಗುಂಪು. ಐವತ್ತರವರ ಪಕ್ಕ ಎಪ್ಪತ್ತರವರನ್ನು ನಿಲ್ಲಿಸಿದರೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಕರಾವಳಿಯ ಕಂಬಳದಲ್ಲಿ ಹಗ್ಗ, ನೇಗಿಲು ಎಂಬ ಎರಡೂ ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂದು ಕೋಣಗಳನ್ನೇ ಬೇರೆ ಮಾಡಿ ಓಡಿಸುತ್ತಾರೆ. ಆ ವಿವೇಕ ಇಲ್ಲಿಗೂ ಬೇಕು.

ಸಾಮರ್ಥ್ಯ ನೋಡಿ ವಿಂಗಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೊರಡುವ ಸಾಲಿಗೆ ಅದು ಸರಿ. ವೇಗದವರು ಮುಂದೆ ನಿಂತರೆ ನೂಕುನುಗ್ಗಲು ಇರುವುದಿಲ್ಲ. ಹಿಂದೆ ನಿಂತವರ ಸಮಯವನ್ನು ಅವರು ಗೆರೆ ದಾಟಿದ ಕ್ಷಣದಿಂದ ಅವರು ಧರಿಸಿದ ಚಿಪ್ ಎಣಿಸುತ್ತದೆ. ಬಹುಮಾನಕ್ಕೆ ಮಾತ್ರ ಅದು ಅಳತೆಯಾಗದು. ಸಾಮರ್ಥ್ಯ ಅಳೆಯುವುದು ಹಿಂದಿನ ಓಟದ ಸಮಯದಿಂದ, ಆದರೆ ಹಾದಿಗಳೆಲ್ಲ ಒಂದೇ ಥರ ಇರುವುದಿಲ್ಲ. ವಿಜಯವಾಡದಲ್ಲಿ ಕೃಷ್ಣೆಯ ದಂಡೆಯ ಸಮತಟ್ಟು ರಸ್ತೆಯ ಹತ್ತು ಕಿಲೋಮೀಟರೇ ಬೇರೆ, ಋಷಿಕೊಂಡದ ಕಡೆಯ ಹತ್ತು ಕಿಲೋಮೀಟರೇ ಬೇರೆ. ಮೇಲಾಗಿ, ಬೇಕೆಂದೇ ನಿಧಾನವಾಗಿ ಓಡಿ ಕೆಳಗಿನ ವಿಭಾಗಕ್ಕೆ ಸೇರಿಕೊಳ್ಳಬಹುದು. ಹುಟ್ಟಿದ ದಿನಾಂಕ ಹಾಗೆ ಬಗ್ಗುವುದಿಲ್ಲ.

ಆಯೋಜಕರಲ್ಲಿ ನನ್ನ ಕೋರಿಕೆ ಇಷ್ಟು. ಹಣ ಸಾಲದಿದ್ದರೆ ನಗದು ಬೇಡ, ಪದಕ ಸಾಕು. ಐದೈದು ವರ್ಷದ ವಿಭಾಗ ಮಾಡಿ, ಹೆಂಗಸರಿಗೂ ಅಷ್ಟೇ ವಿಭಾಗಗಳನ್ನಿಡಿ. ಎಪ್ಪತ್ತೈದು ದಾಟಿದವರು ಒಬ್ಬರೇ ಬಂದಿದ್ದರೂ ವೇದಿಕೆಗೆ ಹೆಸರು ಹಿಡಿದು ಕರೆಯಿರಿ.