ಜೋಸೆಫರೂ ಭಯಪಟ್ಟರು
(ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಮಾರ್ಚ್ 19ರಂದು ನಾವು ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಅವರ ಮೌನದ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಈಜಿಪ್ಟಿನಿಂದ ಹಿಂದಿರುಗುವಾಗ, ಹೆರೋದನ ಮಗ ಜುದೇಯವನ್ನು ಆಳುತ್ತಿದ್ದಾನೆಂದು ಕೇಳಿ ಜೋಸೆಫರು ಅಲ್ಲಿಗೆ ಹೋಗಲು ಭಯಪಟ್ಟರೆಂದು ಮತ್ತಾಯನು ಬರೆದಿದ್ದಾನೆ. ಮಗುವಿಗಾಗಿ ತಂದೆಯೊಬ್ಬನು ಹೆದರಿದ್ದು ಪವಿತ್ರ ಗ್ರಂಥದಲ್ಲೇ ಇದೆ.

ಈಗ ನಮ್ಮ ಬಾಡಗಂಡಿ, ಬೀಳಗಿ ಕಡೆಯ ಒಂದು ಮನೆಯನ್ನು ನೆನೆಯೋಣ. ಚೊಚ್ಚಲ ಹೆರಿಗೆ; 37 ವಾರ ತುಂಬುವ ಮೊದಲೇ ಕೂಸು ಹುಟ್ಟಿತು. ಕೂಸು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಬಾಣಂತಿ ಬೇರೆ ವಾರ್ಡಿನಲ್ಲಿ. ತಂದೆ? ಔಷಧಿ ಚೀಟಿ ಹಿಡಿದು ಓಡುತ್ತಾನೆ, ಹಿಂಡಿದ ಎದೆಹಾಲನ್ನು ನರ್ಸಮ್ಮನ ಕೈಗೆ ಮುಟ್ಟಿಸುತ್ತಾನೆ, ಸಾಲಕ್ಕೆ ಫೋನ್ ಮಾಡುತ್ತಾನೆ, ರಾತ್ರಿ ವರಾಂಡದಲ್ಲಿ ಚಾದರ ಹಾಸುತ್ತಾನೆ. ಬಂದವರೆಲ್ಲ ಕೇಳುವುದು, “ಬಾಣಂತಿ ಹ್ಯಾಂಗದಾಳ? ಕೂಸು ಹ್ಯಾಂಗೈತಿ?” ಅವನ ಕಣ್ಣು ತುಂಬಿದರೆ, “ಗಂಡಸಾಗಿ ಅಳ್ತೀಯೇನೋ ತಮ್ಮಾ?”

ಇಂಥ ತಂದೆಯರು ಒಬ್ಬಿಬ್ಬರಲ್ಲ. 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅದರಲ್ಲಿ ಭಾರತದವು ಸುಮಾರು 30 ಲಕ್ಷ. ತಂದೆಯ ಸಂಕಟ ಅಳುವಾಗಿಯೇ ಹೊರಬರಬೇಕೆಂದಿಲ್ಲ. ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಕೆಲವರು ಕುಡಿತಕ್ಕೆ ಇಳಿಯುತ್ತಾರೆ, ಕೆಲವರು ಕೂಸನ್ನು ನೋಡಲೇ ಹೆದರಿ ದೂರ ಉಳಿಯುತ್ತಾರೆ. ಅದನ್ನು ಕಲ್ಲುಮನಸ್ಸು ಎನ್ನುವುದು ಅನ್ಯಾಯ.

ಕೂಸನ್ನು ಅವನ ಎದೆಗೂ ಕೊಡಬಹುದು. ಇದೇ ಕಾಂಗರೂ ಆರೈಕೆ. ಟೋಪಿ, ಲಂಗೋಟಿ ಮಾತ್ರ ಹಾಕಿದ ಕೂಸನ್ನು ಬರಿಯ ಎದೆಗೆ ಅವಚಿಕೊಂಡು ಮೇಲೆ ಬಟ್ಟೆ ಹೊದಿಸುವುದು. ಕೂಸಿನ ಮೈ ಬೆಚ್ಚಗಿರುತ್ತದೆ, ಉಸಿರಾಟ ಹದಕ್ಕೆ ಬರುತ್ತದೆ. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ನಮ್ಮ ಧರ್ಮಸಭೆಯದೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಸರ್ಕಾರದೊಡನೆ ಸೇರಿ ಈ ಆರೈಕೆಯನ್ನು ಆಸ್ಪತ್ರೆಗಳಿಂದ ಮನೆಗಳವರೆಗೆ ಹರಡಲು ದುಡಿದರು. ಅವಧಿಗೆ ಮುನ್ನ ಹುಟ್ಟಿದ ಕೂಸಿನ ಆರೈಕೆಯಲ್ಲಿ ಮನೆಯವರೂ ಪಾಲ್ಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ತಾಯಿ ಇನ್ನೂ ಏಳಲಾರದಿದ್ದರೆ ತಂದೆಯೇ ಮಾಡಬಹುದು. ಡಾಕ್ಟರರನ್ನು ಕೇಳಲು ಅವನಿಗೆ ಸಂಕೋಚವಾದರೆ ಜೊತೆಗೆ ಹೋದ ಹಿರಿಯರು ಕೇಳಲಿ. (ಅತ್ತೆಯಂದಿರು ನಕ್ಕರೆ ನಗಲಿ!)

ನಮ್ಮ ಧರ್ಮಕೇಂದ್ರದ ಗಂಡಸರಿಗೆ ಒಂದು ಮಾತು. ಇಂಥ ಸುದ್ದಿ ಬಂದಾಗ ಇಬ್ಬರು ಸೇರಿ ಹೋಗಿ, ರೊಟ್ಟಿ ಬುತ್ತಿ ಒಯ್ಯಿರಿ. ಒಬ್ಬರು ಔಷಧಿ ಚೀಟಿ ಹಿಡಿದು ಕೂಡಲಿ, ಅವನು ಎರಡು ತಾಸು ಮಲಗಲಿ. ಎದ್ದ ಮೇಲೆ “ನೀ ಹ್ಯಾಂಗದಿ?” ಎಂದು ಕೇಳಿರಿ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.